ಹಂಪಿಯಲ್ಲಿ ಕೊರತೆ ಇರುವುದು ಜಾಗಕ್ಕಲ್ಲ, ಹೊತ್ತಿಗೆ

ಹೊಸಪೇಟೆ: ಕಳೆದ ಡಿಸೆಂಬರ್‌ನ ಕೊನೆಯ ವಾರ, ಬೆಳಿಗ್ಗೆ ಹನ್ನೊಂದರ ಸಮಯ. ಹಂಪಿಯ ವಿಜಯ ವಿಠ್ಠಲ ದೇವಾಲಯದ ಅಂಗಳದಲ್ಲಿ ನಿಂತವರಿಗೆ ಕಲ್ಲಿನ ರಥ ಪೂರ್ತಿಯಾಗಿ ಕಾಣುತ್ತಿರಲಿಲ್ಲ. ಅದರ ಸುತ್ತ ಮೊಬೈಲ್ ಹಿಡಿದು ಮೇಲೆತ್ತಿದ ಕೈಗಳೇ ಕಾಣುತ್ತಿದ್ದವು. ಶಾಲಾ ಮಕ್ಕಳ ಸಾಲು ಒಂದು ಕಡೆಯಿಂದ ಬರುತ್ತಿದ್ದರೆ ಮತ್ತೊಂದು ಕಡೆಯಿಂದ ಐದಾರು ಗೈಡ್‌ಗಳು ಏಕಕಾಲಕ್ಕೆ ಇತಿಹಾಸ ಹೇಳುತ್ತಿದ್ದರು. ಯಾರ ಮಾತೂ ಯಾರಿಗೂ ಪೂರ್ತಿ ಕೇಳುತ್ತಿರಲಿಲ್ಲ.

ಅಲ್ಲಿಂದ ಹೊರಬಿದ್ದು ತುಂಗಭದ್ರೆಯ ದಂಡೆಗುಂಟ ಅರ್ಧ ಗಂಟೆ ನಡೆದರೆ ಅಚ್ಯುತರಾಯ ದೇವಾಲಯ ಸಿಗುತ್ತದೆ. 1534ರಲ್ಲಿ ನಿರ್ಮಾಣಗೊಂಡ ಈ ದೇವಾಲಯಕ್ಕೆ ಎರಡು ಪ್ರಾಕಾರಗಳಿವೆ, ಮುಂದೆ ಉದ್ದನೆಯ ಬಜಾರಿದೆ, ಬೆನ್ನಿಗೆ ಮಾತಂಗ ಪರ್ವತವಿದೆ. ವಿಸ್ತಾರದಲ್ಲಿ ಇದು ಸಣ್ಣ ದೇಗುಲವೇನಲ್ಲ. ಆದರೆ ಅದೇ ದಿನ, ಹೆಚ್ಚುಕಡಿಮೆ ಅದೇ ಹೊತ್ತಿಗೆ, ಅಲ್ಲಿದ್ದವರು ಮೇಕೆ ಕಾಯುವ ಒಬ್ಬ ಹುಡುಗ ಮತ್ತು ನೆರಳಿನಲ್ಲಿ ಕುಳಿತ ಇಬ್ಬರು ಪ್ರವಾಸಿಗರು ಮಾತ್ರ. ಗಿಳಿಗಳ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ.

ಹಂಪಿಯಲ್ಲಿ ಜನಸಂದಣಿ ಮಿತಿಮೀರಿದೆ ಎಂಬ ದೂರು ರಜಾ ದಿನಗಳು ಬಂದಾಗಲೆಲ್ಲ ಕೇಳಿಬರುತ್ತದೆ. ದೂರು ಸುಳ್ಳಲ್ಲ. ಆದರೆ ಅದು ಅರ್ಧ ಸತ್ಯ ಮಾತ್ರ. ಒಂದೇ ಊರಿನಲ್ಲಿ, ಒಂದೇ ದಿನ, ಒಂದು ಗುಡಿಯಲ್ಲಿ ಕಾಲಿಡಲು ಜಾಗವಿಲ್ಲದೆ ಪಕ್ಕದ ಗುಡಿಯಲ್ಲಿ ಜನರೇ ಇಲ್ಲದಿದ್ದರೆ ಅದನ್ನು ಕೇವಲ ಜನರ ಸಂಖ್ಯೆಯ ಸಮಸ್ಯೆ ಎನ್ನಲಾಗದು. ಅದು ಹಂಚಿಕೆಯ ಸಮಸ್ಯೆ. ಇನ್ನೂ ಸ್ಪಷ್ಟವಾಗಿ ಹೇಳುವುದಾದರೆ, ಹೊತ್ತಿನ ಹಂಚಿಕೆಯ ಸಮಸ್ಯೆ.

ದಟ್ಟಣೆ ಹುಟ್ಟುವ ಬಗೆ

ಯುನೆಸ್ಕೊ 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಹಂಪಿಯ ವಿಸ್ತಾರ ಸುಮಾರು 41.8 ಚದರ ಕಿ.ಮೀ. ಕೋಟೆ, ಅರಮನೆಯ ಅಡಿಪಾಯ, ದೇವಾಲಯ, ಮಂಟಪ, ಪುಷ್ಕರಣಿ, ಕಾಲುವೆ ಎಲ್ಲವೂ ಸೇರಿ ಇಲ್ಲಿ 1,600ಕ್ಕೂ ಹೆಚ್ಚು ಅವಶೇಷಗಳಿವೆ ಎಂದು ಅದೇ ಸಂಸ್ಥೆ ಹೇಳುತ್ತದೆ. ಇಷ್ಟು ವಿಶಾಲವಾದ ಪ್ರದೇಶದಲ್ಲಿ ಸಾಮಾನ್ಯ ಪ್ರವಾಸಿ ನೋಡುವುದು ಎಷ್ಟನ್ನು? ವಿರೂಪಾಕ್ಷ ದೇವಾಲಯ, ಸಾಸಿವೆಕಾಳು ಮತ್ತು ಕಡಲೆಕಾಳು ಗಣಪತಿ, ಉಗ್ರನರಸಿಂಹ, ಕಮಲ ಮಹಲು, ಗಜಶಾಲೆ, ಮಹಾನವಮಿ ದಿಬ್ಬ, ಕಡೆಗೆ ವಿಠ್ಠಲ ದೇವಾಲಯ. ಬಹುಪಾಲು ಪ್ರವಾಸಿಗರಿಗೆ ಹಂಪಿ ಎಂದರೆ ಇಷ್ಟೇ.

ಇದಕ್ಕೆ ಪ್ರವಾಸಿಗರನ್ನು ಮಾತ್ರ ದೂಷಿಸುವಂತಿಲ್ಲ. ಬೆಂಗಳೂರಿನಿಂದ ರಾತ್ರಿ ಹೊರಟ ಬಸ್ಸು, ರೈಲು ಬೆಳಗಿನ ಜಾವ ಹೊಸಪೇಟೆ ತಲುಪುತ್ತವೆ. ಲಾಡ್ಜಿನಲ್ಲಿ ಸ್ನಾನ, ಒಗ್ಗರಣೆ-ಮಿರ್ಚಿಯ ಉಪಾಹಾರ, ಆಟೊ ಅಥವಾ ಕಾರಿನ ಬಾಡಿಗೆ ಮಾತು ಮುಗಿಸಿ ಹಂಪಿಗೆ 13 ಕಿ.ಮೀ. ಕ್ರಮಿಸುವಷ್ಟರಲ್ಲಿ ಗಂಟೆ ಹತ್ತು. ವಿಠ್ಠಲ ದೇವಾಲಯದ ಬಾಗಿಲು ತೆರೆಯುವುದು ಬೆಳಿಗ್ಗೆ ಎಂಟೂವರೆಗೆ, ಮುಚ್ಚುವುದು ಸಂಜೆ ಐದಕ್ಕೆ. ಅಲ್ಲಿ ಕೊಂಡ ಟಿಕೆಟ್ಟು ಕಮಲ ಮಹಲಿರುವ ರಾಣಿವಾಸದ ಆವರಣಕ್ಕೂ ಕಮಲಾಪುರದ ವಸ್ತುಸಂಗ್ರಹಾಲಯಕ್ಕೂ ಸಲ್ಲುತ್ತದೆ, ಆದರೆ ಅದೇ ದಿನಕ್ಕೆ ಮಾತ್ರ. ಹಣ ಕೊಟ್ಟವನು ಮೂರನ್ನೂ ಅಂದೇ ಮುಗಿಸಲು ಅವಸರ ಪಡುವುದು ಸಹಜ. ಹೀಗೆ ಎಲ್ಲರ ಗಡಿಯಾರವೂ ಒಂದೇ ಆಗುತ್ತದೆ, ಎಲ್ಲರ ಹಾದಿಯೂ ಒಂದೇ ಆಗುತ್ತದೆ.

ಇದರ ಮೇಲೆ ಪ್ರಸಿದ್ಧಿಯ ಭಾರವೂ ಬಿದ್ದಿದೆ. 2017ರಲ್ಲಿ ಬಂದ ಹೊಸ 50 ರೂಪಾಯಿ ನೋಟಿನ ಹಿಂಬದಿಯಲ್ಲಿ ಕಲ್ಲಿನ ರಥ ಅಚ್ಚಾಯಿತು. ನೋಟನ್ನು ರಥದ ಎದುರು ಹಿಡಿದು ಫೋಟೊ ತೆಗೆಸಿಕೊಳ್ಳುವುದು ಅಂದಿನಿಂದ ಒಂದು ವಾಡಿಕೆಯೇ ಆಗಿದೆ. 2019ರಲ್ಲಿ ಅಮೆರಿಕದ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಆ ವರ್ಷ ನೋಡಬೇಕಾದ 52 ತಾಣಗಳ ಪಟ್ಟಿಯಲ್ಲಿ ಹಂಪಿಗೆ ಎರಡನೇ ಸ್ಥಾನ ನೀಡಿತು. ಪ್ರಸಿದ್ಧಿ ಬೆಳೆದದ್ದು ಸಂತೋಷವೇ. ಆದರೆ ಅದು ಇಡೀ ಹಂಪಿಗೆ ಹರಡದೆ ಒಂದು ರಥದ ಸುತ್ತ ಸುತ್ತಿಕೊಂಡಿತು.

ಖಾಲಿಯಾದ ಬಜಾರು

ಸಂದಣಿಯ ಇನ್ನೊಂದು ಕಾರಣ ಕಣ್ಣಿಗೆ ಕಾಣುವಂಥದ್ದಲ್ಲ. ಅದನ್ನು ತಿಳಿಯಬೇಕಾದರೆ ಕೆಲವು ವರ್ಷ ಹಿಂದಕ್ಕೆ ಹೋಗಬೇಕು.

ವಾಹನ ಸೇತುವೆಗಳ ನಿರ್ಮಾಣದ ವಿವಾದದಿಂದಾಗಿ 1999ರಲ್ಲಿ ಹಂಪಿ ಯುನೆಸ್ಕೊದ ಅಪಾಯದಂಚಿನ ತಾಣಗಳ ಪಟ್ಟಿಗೆ ಸೇರಿತು. ಆ ಕಳಂಕ ನೀಗಿದ್ದು 2006ರಲ್ಲಿ. ಈ ನಡುವೆ ರಾಜ್ಯ ಸರ್ಕಾರ 2002ರ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ಅಧಿನಿಯಮವನ್ನು ಜಾರಿಗೆ ತಂದಿತು. 2011ರ ಜುಲೈನಲ್ಲಿ ವಿರೂಪಾಕ್ಷ ದೇವಾಲಯದ ಎದುರಿನ ಬಜಾರಿನಲ್ಲಿದ್ದ ಮನೆ, ಅಂಗಡಿ, ಖಾನಾವಳಿಗಳನ್ನು ತೆರವುಗೊಳಿಸಲಾಯಿತು. ಸಾಲುಮಂಟಪಗಳಲ್ಲಿ ಗೋಡೆ ಕಟ್ಟಿಕೊಂಡು ತಲೆಮಾರುಗಳಿಂದ ಬದುಕಿದ್ದ ಕುಟುಂಬಗಳು ಊರು ಬಿಡಬೇಕಾಯಿತು. ಅವರಿಗೆ ಪುನರ್ವಸತಿಯ ಜಾಗ ತೋರಿಸಿದ್ದು ಕಡ್ಡಿರಾಂಪುರದ ಬಳಿ. 2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ನೀಡಿದ ತೀರ್ಪಿನ ಬೆನ್ನಿಗೇ ನದಿಯಾಚೆಯ ವಿರೂಪಾಪುರ ಗಡ್ಡೆಯ ರೆಸಾರ್ಟ್‌ಗಳೂ ನೆಲಸಮವಾದವು.

ಈ ಕ್ರಮಗಳಿಗೆ ಸಮರ್ಥನೆ ಇಲ್ಲದಿಲ್ಲ. ಬಜಾರಿನ ಸಾಲುಮಂಟಪಗಳೇ ಸ್ವತಃ ಸ್ಮಾರಕಗಳು. ಅವುಗಳಿಗೆ ಮೊಳೆ ಹೊಡೆದು, ಸಿಮೆಂಟು ಮೆತ್ತಿ, ಫಲಕ ತೂಗುಹಾಕಿದ್ದನ್ನು ಕಂಡವರು ತೆರವನ್ನು ಸ್ವಾಗತಿಸಿದ್ದರು. ಗಡ್ಡೆಯ ಕಟ್ಟಡಗಳು ಕಾನೂನಿಗೆ ವಿರುದ್ಧವೆಂದು ನ್ಯಾಯಾಲಯವೇ ಹೇಳಿದೆ. ಸ್ಮಾರಕ ಉಳಿಯಬೇಕೆಂದರೆ ಒತ್ತುವರಿ ಸಲ್ಲದು ಎಂಬ ಮಾತಿಗೆ ಎದುರಾಡುವಂತಿಲ್ಲ.

ಆದರೆ ಪರಿಣಾಮವನ್ನು ಲೆಕ್ಕ ಹಾಕಿದವರು ಯಾರು? ಬಜಾರಿನಲ್ಲಿ ತಂಗುತ್ತಿದ್ದ ಪ್ರವಾಸಿ ಬೆಳಗಿನ ಐದೂವರೆಗೆ ಎದ್ದು ಮಾತಂಗ ಪರ್ವತ ಹತ್ತುತ್ತಿದ್ದ. ಮಧ್ಯಾಹ್ನದ ಬಿಸಿಲಿಗೆ ಕೋಣೆಯಲ್ಲಿ ಮಲಗಿ, ಇಳಿಹೊತ್ತಿನಲ್ಲಿ ಮತ್ತೆ ಹೊರಡುತ್ತಿದ್ದ. ನಾಲ್ಕು ದಿನಕ್ಕೆಂದು ಬಂದವನು ಹದಿನೈದು ದಿನ ಉಳಿದದ್ದೂ ಉಂಟು. ಅವನ ಓಡಾಟ ದಿನದ ಹನ್ನೆರಡು ಗಂಟೆಗಳಿಗೆ ಹಂಚಿಹೋಗುತ್ತಿತ್ತು. ತಂಗುವ ಜಾಗ ದೂರವಾದ ಮೇಲೆ ಅದೇ ಪ್ರವಾಸಿ ಹತ್ತಕ್ಕೆ ಬಂದು ಐದಕ್ಕೆ ಹೊರಡುವವನಾದ. ಹಂಪಿಯನ್ನು ಕಾಣಲು ಅತ್ಯಂತ ಯೋಗ್ಯವಾದ ಎರಡು ಹೊತ್ತುಗಳು, ಸೂರ್ಯೋದಯದ ನಂತರದ ಎರಡು ಗಂಟೆ ಮತ್ತು ಸೂರ್ಯಾಸ್ತಕ್ಕೆ ಮುಂಚಿನ ಎರಡು ಗಂಟೆ, ಅವನ ಕೈತಪ್ಪಿದವು. ಬಂಡೆಗಳು ಕಾದು ಕೆಂಡವಾಗುವ ನಡುಹಗಲು ಮಾತ್ರ ಅವನ ಪಾಲಿಗೆ ಉಳಿಯಿತು. ಇಂದು ನಾವು ದೂರುವ ಸಂದಣಿಯ ಒಂದು ಪಾಲನ್ನು ನಾವೇ ಹೀಗೆ ತಯಾರಿಸಿಕೊಂಡಿದ್ದೇವೆ ಎಂಬುದನ್ನು ಒಪ್ಪಿಕೊಳ್ಳಬೇಕಾಗುತ್ತದೆ.

ಇದು ಜನರಿಗೆಂದೇ ಕಟ್ಟಿದ ಊರು

ಜನರೇ ಇಲ್ಲದ ಹಂಪಿಯೇ ನಿಜವಾದ ಹಂಪಿ ಎಂಬ ಭ್ರಮೆಯೂ ಕೆಲವರಲ್ಲಿದೆ. ಇತಿಹಾಸ ಅದಕ್ಕೆ ಸಾಕ್ಷ್ಯ ನುಡಿಯುವುದಿಲ್ಲ. ಕೃಷ್ಣದೇವರಾಯನ ಕಾಲದಲ್ಲಿ ಇಲ್ಲಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್, ಬೆಟ್ಟದ ಮೇಲಿನಿಂದ ನೋಡಿದಾಗ ನಗರ ರೋಮ್‌ನಷ್ಟು ದೊಡ್ಡದಾಗಿ ಕಂಡಿತೆಂದೂ ಬೀದಿಗಳಲ್ಲಿ ಜನ-ಜಾನುವಾರುಗಳ ದಟ್ಟಣೆ ವಿಪರೀತವೆಂದೂ ಬರೆದಿಟ್ಟಿದ್ದಾನೆ. ವಿಠ್ಠಲ ದೇವಾಲಯದ ಮುಂದಿನ ಬಜಾರಿನ ಉದ್ದವೇ ಸುಮಾರು ಒಂದು ಕಿ.ಮೀ. ನಾವು ಇಂದು ಸವಿಯುವ ಮೌನ ಆ ಊರಿನ ಸಹಜ ಗುಣವಲ್ಲ. ಅದು 1565ರ ರಕ್ಕಸತಂಗಡಿ ಯುದ್ಧದ ನಂತರದ ಲೂಟಿ, ಬೆಂಕಿಗಳು ಬಿಟ್ಟುಹೋದ ಮೌನ.

ವಿರೂಪಾಕ್ಷನ ಗುಡಿ ಮಾತ್ರ ಆ ಮೌನಕ್ಕೆ ಒಳಗಾಗಲಿಲ್ಲ. ಸಾಮ್ರಾಜ್ಯಕ್ಕಿಂತ ಹಳೆಯದಾದ ಈ ಕ್ಷೇತ್ರದಲ್ಲಿ ಪೂಜೆ ಇಂದಿಗೂ ನಡೆಯುತ್ತಿದೆ. ಚೈತ್ರದ ರಥೋತ್ಸವಕ್ಕೆ, ಮಾರ್ಗಶಿರದ ಫಲಪೂಜೆಗೆ, ಹುಣ್ಣಿಮೆಗಳಿಗೆ ಸುತ್ತಲಿನ ಹಳ್ಳಿಗಳಿಂದ ಬರುವ ಭಕ್ತರು ಪ್ರವಾಸಿಗರಲ್ಲ, ಆ ಊರಿನ ವಾರಸುದಾರರು. ನದಿಯಾಚೆ ಆನೆಗೊಂದಿಯ ಬಳಿಯ ಅಂಜನಾದ್ರಿಯ 575 ಮೆಟ್ಟಿಲು ಹತ್ತುವ ಹನುಮ ಭಕ್ತರೂ ಹಾಗೆಯೇ. ಅವರನ್ನು ಅಡಚಣೆ ಎಂದು ಕಾಣುವ ಪ್ರವಾಸಿ ಹಂಪಿಯನ್ನು ಅರ್ಥ ಮಾಡಿಕೊಂಡಿಲ್ಲ ಎಂದೇ ಹೇಳಬೇಕು. ಸಂದಣಿ ಬೇಡವೆನ್ನುವವರು ಆ ದಿನಗಳನ್ನು ಬಿಟ್ಟು ಬರುವುದು ಒಳ್ಳೆಯದು. ಜಾತ್ರೆ ನೋಡಬೇಕೆನ್ನುವವರು ಆ ದಿನಗಳಂದೇ ಬರಬೇಕು.

ಹೊತ್ತು ಬದಲಿಸಿದರೆ ಹಂಪಿಯೇ ಬೇರೆ

ಹಾಗಾದರೆ ಸಾಮಾನ್ಯ ಪ್ರವಾಸಿ ಮಾಡಬಹುದಾದದ್ದೇನು? ಯಾರಿಗೂ ಗೊತ್ತಿಲ್ಲದ ಗುಪ್ತ ತಾಣಗಳನ್ನು ಹುಡುಕುವ ಅಗತ್ಯವಿಲ್ಲ. ಎಲ್ಲರೂ ನೋಡುವ ತಾಣಗಳನ್ನೇ ಬೇರೆ ಹೊತ್ತಿನಲ್ಲಿ, ಬೇರೆ ಅನುಕ್ರಮದಲ್ಲಿ ನೋಡಿದರೆ ಸಾಕು.

ಮೊದಲನೆಯದಾಗಿ, ಸಾಧ್ಯವಾದರೆ ಕಮಲಾಪುರದಲ್ಲೋ ಆನೆಗೊಂದಿಯಲ್ಲೋ ತಂಗಬೇಕು. ಕಮಲಾಪುರದಿಂದ ಹಂಪಿಗೆ ನಾಲ್ಕೇ ಕಿ.ಮೀ. ಹೊಸಪೇಟೆಯಲ್ಲಿ ಉಳಿಯುವುದು ಅನಿವಾರ್ಯವಾದರೆ ನಸುಕಿನಲ್ಲೇ ಹೊರಡಬೇಕು. ಬೆಳಿಗ್ಗೆ ಆರೂವರೆಗೆ ವಿರೂಪಾಕ್ಷ ಬಜಾರಿನಲ್ಲಿ ಇಳಿದವರಿಗೆ ಇಡೀ ಬೀದಿ ತಮ್ಮದೇ. ಬಜಾರಿನ ಪೂರ್ವ ತುದಿಯ ದೊಡ್ಡ ನಂದಿಯ ಪಕ್ಕದ ಮೆಟ್ಟಿಲು ಹತ್ತಿ ಇಳಿದರೆ ಅಚ್ಯುತರಾಯ ದೇವಾಲಯ. ಅಲ್ಲಿಂದ ನದಿಯ ಹಾದಿ ಹಿಡಿದು, ಪುರಂದರ ಮಂಟಪವನ್ನು ದೂರದಿಂದ ನೋಡುತ್ತ, ರಾಜನ ತುಲಾಭಾರದ ಕಲ್ಲಿನ ಚೌಕಟ್ಟನ್ನು ದಾಟಿ, ಬಾಗಿಲು ತೆರೆಯುವ ಎಂಟೂವರೆಗೆ ಸರಿಯಾಗಿ ವಿಠ್ಠಲ ದೇವಾಲಯ ಮುಟ್ಟಬಹುದು. ವಾಹನದಲ್ಲಿ ಬಂದವರು ಗೆಜ್ಜಲ ಮಂಟಪದ ಬಳಿ ಇಳಿದು ಬ್ಯಾಟರಿ ವಾಹನಕ್ಕೆ ಸರದಿ ಹಚ್ಚುವ ಮೊದಲೇ ನಿಮಗೆ ಒಂದು ಗಂಟೆಯ ಬಿಡುವು ಸಿಕ್ಕಿರುತ್ತದೆ. ಓರೆಯಾಗಿ ಬೀಳುವ ಆ ಬಿಸಿಲಿನಲ್ಲಿ ಕಂಬಗಳ ಮೇಲಿನ ಕೆತ್ತನೆ ಎದ್ದು ಕಾಣುವಂತೆ ನಡುಹಗಲಿನಲ್ಲಿ ಕಾಣುವುದಿಲ್ಲ.

ಹನ್ನೊಂದರಿಂದ ಮೂರರವರೆಗೆ ಬಯಲಿನ ಬಂಡೆಗಳನ್ನು ಬಿಡುವುದೇ ಜಾಣತನ. ಆ ಹೊತ್ತನ್ನು ಕಮಲಾಪುರದ ವಸ್ತುಸಂಗ್ರಹಾಲಯಕ್ಕೆ ಕೊಡಬಹುದು. ಅಲ್ಲಿರುವ ಹಂಪಿಯ ದೊಡ್ಡ ಮಾದರಿಯನ್ನು ನೋಡಿದ ಮೇಲೆ ಬೆಟ್ಟ, ನದಿ, ಕೋಟೆಗಳ ಸಂಬಂಧ ತಲೆಯಲ್ಲಿ ಕೂರುತ್ತದೆ. ವಾಸ್ತವದಲ್ಲಿ ಇದನ್ನು ಮೊದಲು ನೋಡಬೇಕು. ಬಹುತೇಕರು ಕಡೆಗೆ ನೋಡುತ್ತಾರೆ, ಇಲ್ಲವೇ ನೋಡುವುದೇ ಇಲ್ಲ.

ಇಳಿಹೊತ್ತಿಗೆ ಕಮಲಾಪುರದ ಸುತ್ತಲೇ ಸಾಕಷ್ಟಿದೆ. ಹರಿಹರ ಎರಡನೆಯವನ ಮಂತ್ರಿ ಇರುಗಪ್ಪ ಕಟ್ಟಿಸಿದ ಗಾಣಗಿತ್ತಿ ಜಿನಾಲಯದ ಮುಂದಿನ ದೀಪಸ್ತಂಭದಲ್ಲಿ ಶಾಸನವಿದೆ. ಅದು ಹದಿನಾಲ್ಕನೇ ಶತಮಾನದ ಕಡೆಯದು. ಅಲ್ಲೇ ಹತ್ತಿರ ಭೀಮನ ಬಾಗಿಲು. ಊರಿನ ಮತ್ತೊಂದು ಬದಿಯ ಪಟ್ಟಾಭಿರಾಮ ದೇವಾಲಯ ವಿಸ್ತಾರದಲ್ಲಿ ಹಂಪಿಯ ಯಾವ ಗುಡಿಗೂ ಕಡಿಮೆಯಲ್ಲ. ಆದರೂ ಅಲ್ಲಿ ನಿಮಗೆ ಎದುರಾಗುವವರು ವಿರಳ. ಸೂರ್ಯಾಸ್ತ ನೋಡಲು ಹೇಮಕೂಟ ಬೆಟ್ಟದಲ್ಲಿ ಜಾಗವಿಲ್ಲದಿದ್ದರೆ ಮಾಲ್ಯವಂತ ರಘುನಾಥ ದೇವಾಲಯದ ಹಿಂಬದಿಯ ಬಂಡೆಗಳಿವೆ. ರಾಮಾಯಣ ಪಾರಾಯಣದ ದನಿ ಕೇಳುವ ಆ ಗುಡಿಯ ಆವರಣದಿಂದ ಇಡೀ ಬಂಡೆಗಾಡು ಕಾಣುತ್ತದೆ.

ಋತುವಿನ ಲೆಕ್ಕವೂ ಇದೆ. ನವೆಂಬರ್‌ನಿಂದ ಜನವರಿವರೆಗೆ ಶೈಕ್ಷಣಿಕ ಪ್ರವಾಸಗಳ ಕಾಲ, ಡಿಸೆಂಬರ್ ಕೊನೆಯ ವಾರವಂತೂ ಹೇಳುವಂತಿಲ್ಲ. ಹಂಪಿ ಉತ್ಸವದ ದಿನಗಳಲ್ಲಿ ಸ್ಮಾರಕ ನೋಡಲು ಬಂದವರಿಗೆ ನಿರಾಶೆಯೇ ಗತಿ. ಜುಲೈನಿಂದ ಸೆಪ್ಟೆಂಬರ್‌ವರೆಗೆ ಈ ಸೀಮೆಯಲ್ಲಿ ಮಲೆನಾಡಿನಂಥ ಮಳೆ ಇರುವುದಿಲ್ಲ. ಗದ್ದೆ, ಬಾಳೆತೋಟ ಹಸಿರಾಗಿರುತ್ತವೆ, ವಾರದ ನಡುವಿನ ದಿನಗಳಲ್ಲಿ ಜನರೂ ಕಡಿಮೆ. ಒಂದೇ ಎಚ್ಚರಿಕೆ: ತುಂಗಭದ್ರಾ ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ಪುರಂದರ ಮಂಟಪ ಮುಳುಗುತ್ತದೆ, ನದಿಯಂಚಿನ ಹಾದಿ ಮುಚ್ಚುತ್ತದೆ, ಹರಿಗೋಲು, ದೋಣಿ ನಿಲ್ಲುತ್ತವೆ. ಆಗ ಆನೆಗೊಂದಿಗೆ ಹೋಗಬೇಕಾದವರು ಬುಕ್ಕಸಾಗರ-ಕಡೆಬಾಗಿಲು ಸೇತುವೆಯ ಮೂಲಕ ಸುತ್ತಿ ಹೋಗಬೇಕು.

ಏಕಾಂತಕ್ಕೂ ಕಾವಲು ಬೇಕು

ಇಷ್ಟು ಹೇಳಿದ ಮೇಲೆ ಇನ್ನೊಂದು ಮುಖವನ್ನು ಮರೆಮಾಚುವುದು ಪತ್ರಕರ್ತನ ಧರ್ಮವಲ್ಲ. ಜನವಿಲ್ಲದ ಜಾಗದಲ್ಲಿ ಕಣ್ಣುಗಳೂ ಇರುವುದಿಲ್ಲ.

ಗಜಶಾಲೆಯ ಹಿಂಬದಿಯ ವಿಷ್ಣು ದೇವಾಲಯದ ಬಳಿ ಯುವಕರು ಕಲ್ಲಿನ ಕಂಬವನ್ನು ತಳ್ಳಿ ಕೆಡವಿದ ದೃಶ್ಯ 2019ರ ಫೆಬ್ರುವರಿಯಲ್ಲಿ ದೇಶವನ್ನೇ ಕೆರಳಿಸಿತು. ಸಿಕ್ಕಿಬಿದ್ದವರಿಗೆ ನ್ಯಾಯಾಲಯ ದಂಡ ವಿಧಿಸಿ, ಕಂಬವನ್ನು ಅವರಿಂದಲೇ ಮತ್ತೆ ನಿಲ್ಲಿಸಿತು. ಅವರು ಸಿಕ್ಕಿಬಿದ್ದದ್ದು ಕಾವಲುಗಾರರಿಂದಲ್ಲ, ಜಾಲತಾಣಗಳಲ್ಲಿ ಹರಿದಾಡಿದ ವಿಡಿಯೊದಿಂದ ಎಂಬುದನ್ನು ಗಮನಿಸಬೇಕು. ನಿಧಿಯಾಸೆಗೆ ಒಂಟಿ ಗುಡಿಗಳ ಗರ್ಭಗೃಹ ಅಗೆಯುವ ದುಷ್ಟರ ಕಾಟವೂ ಈ ಸೀಮೆಗೆ ಹೊಸದಲ್ಲ.

ಮನುಷ್ಯರ ಸುರಕ್ಷತೆಯ ಪ್ರಶ್ನೆ ಇನ್ನೂ ಗಂಭೀರ. 2025ರ ಮಾರ್ಚ್‌ನಲ್ಲಿ ಸಾಣಾಪುರದ ಬಳಿ ಕಾಲುವೆಯ ದಂಡೆಯಲ್ಲಿ ರಾತ್ರಿ ಕುಳಿತಿದ್ದವರ ಮೇಲೆ ನಡೆದ ದೌರ್ಜನ್ಯ ನಾಡನ್ನೇ ತಲೆತಗ್ಗಿಸುವಂತೆ ಮಾಡಿತು. ವಿದೇಶಿ ಮಹಿಳೆಯೂ ಸೇರಿ ಇಬ್ಬರು ಅತ್ಯಾಚಾರಕ್ಕೆ ಒಳಗಾದರು. ಕಾಲುವೆಗೆ ತಳ್ಳಲ್ಪಟ್ಟ ಒಬ್ಬ ಪ್ರವಾಸಿ ಜೀವ ಕಳೆದುಕೊಂಡರು. ಏಕಾಂತ ಬಯಸಿದವರದೇ ತಪ್ಪು ಎಂದು ಕೈತೊಳೆದುಕೊಳ್ಳುವುದು ಸುಲಭ. ಆದರೆ ನೆಮ್ಮದಿಯಾಗಿ ಕೂರುವ ಹಕ್ಕು ಪ್ರವಾಸಿಗಿದೆ, ಅದನ್ನು ಕಾಯುವ ಹೊಣೆ ಆಡಳಿತಕ್ಕಿದೆ. ಹಂಪಿ ವಿಜಯನಗರ ಜಿಲ್ಲೆಯಲ್ಲಿದೆ, ಆನೆಗೊಂದಿ ಮತ್ತು ಸಾಣಾಪುರ ಕೊಪ್ಪಳ ಜಿಲ್ಲೆಯಲ್ಲಿವೆ. ನದಿ ಎರಡು ಜಿಲ್ಲೆಗಳ ಗಡಿಯಾಗಿರಬಹುದು, ಹೊಣೆಗಾರಿಕೆಯ ಗಡಿಯಾಗಬಾರದು. ಆ ವ್ಯವಸ್ಥೆ ಗಟ್ಟಿಯಾಗುವವರೆಗೆ ಬೆಳಗಿನ ಜಾವ ಮಾತಂಗ ಹತ್ತುವವರು ಜೊತೆಗೂಡಿ ಹೋಗುವುದು, ಕತ್ತಲಾದ ಮೇಲೆ ನಿರ್ಜನ ಜಾಗಗಳಲ್ಲಿ ಉಳಿಯದಿರುವುದು ಒಳಿತು.

ಬೇಲಿ ಹಾಕುವುದೇ ಪರಿಹಾರವೇ?

ಹೊರದೇಶಗಳು ಈ ಸಮಸ್ಯೆಗೆ ಕಂಡುಕೊಂಡ ಉತ್ತರ ಸಂಖ್ಯಾಮಿತಿ. ಗ್ರೀಸ್ ದೇಶ 2023ರ ಸೆಪ್ಟೆಂಬರ್‌ನಲ್ಲಿ ಅಥೆನ್ಸಿನ ಅಕ್ರೊಪೊಲಿಸ್‌ಗೆ ದಿನಕ್ಕೆ 20,000 ಜನರ ಮಿತಿ ಹೇರಿ, ಗಂಟೆವಾರು ಪ್ರವೇಶ ಗೊತ್ತುಪಡಿಸಿತು. ಇಟಲಿಯ ಪಾಂಪೈನಲ್ಲಿ 2024ರ ನವೆಂಬರ್‌ನಿಂದ ಅಷ್ಟೇ ಸಂಖ್ಯೆಯ ಮಿತಿ ಜಾರಿಗೆ ಬಂತು. ಪೆರುವಿನ ಮಾಚು ಪಿಚುವಿನಲ್ಲಿ ಪ್ರವೇಶದ ಹೊತ್ತು ಮಾತ್ರವಲ್ಲ, ನಡೆಯುವ ಹಾದಿಯೂ ಗೊತ್ತಾಗಿರುತ್ತದೆ. ನಮ್ಮಲ್ಲೇ ತಾಜ್ ಮಹಲಿನ ಟಿಕೆಟ್ಟಿಗೆ 2018ರಲ್ಲಿ ಮೂರು ಗಂಟೆಯ ಗಡುವು ವಿಧಿಸಲಾಯಿತು.

ಹಂಪಿಗೆ ಈ ಮಾದರಿ ಹೊಂದುವುದಿಲ್ಲ. ಅಕ್ರೊಪೊಲಿಸ್ ಒಂದು ಗುಡ್ಡ, ತಾಜ್ ಒಂದು ಆವರಣ. ಹಂಪಿಯ ಒಳಗೆ ಊರುಗಳಿವೆ, ಗದ್ದೆಗಳಿವೆ, ನಿತ್ಯ ಪೂಜೆಯ ಗುಡಿಗಳಿವೆ. ಇಲ್ಲಿ ಬೇಲಿ ಹಾಕಲು ಹೊರಟರೆ ಮೊದಲು ಹೊರಗುಳಿಯುವವನು ಎತ್ತಿನ ಬಂಡಿ ಹೊಡೆದುಕೊಂಡು ಹೊಲಕ್ಕೆ ಹೋಗುವ ರೈತ. ಜನರನ್ನು ತಡೆಯುವುದಕ್ಕಿಂತ ಅವರನ್ನು ಹಗಲಿನ ಉದ್ದಕ್ಕೂ ಹರಡುವುದು ಇಲ್ಲಿಗೆ ತಕ್ಕ ದಾರಿ.

ಅದಕ್ಕೆ ಕೋಟಿಗಟ್ಟಲೆ ಹಣ ಬೇಕಿಲ್ಲ. ಒಂದು ದಿನದ ಟಿಕೆಟ್ಟನ್ನು ಎರಡು ಅಥವಾ ಮೂರು ದಿನಗಳಿಗೆ ವಿಸ್ತರಿಸಿದರೆ ಅವಸರದ ಅರ್ಧ ಭಾಗ ಅಲ್ಲಿಗೇ ತಗ್ಗುತ್ತದೆ. ವಿಠ್ಠಲ ದೇವಾಲಯದ ಬಾಗಿಲನ್ನು ಸೂರ್ಯೋದಯಕ್ಕೆ ತೆರೆಯಬಹುದು. ನಸುಕಿನಲ್ಲಿ ಹೊಸಪೇಟೆ ಬಿಡುವ, ಸೂರ್ಯಾಸ್ತದ ನಂತರ ಹಂಪಿ ಬಿಡುವ ಬಸ್ಸುಗಳನ್ನು ಹೆಚ್ಚಿಸಬಹುದು. ಸ್ಮಾರಕಗಳಿಂದ ದೂರವಿರುವ ಕಮಲಾಪುರ, ಕಡ್ಡಿರಾಂಪುರ, ಆನೆಗೊಂದಿಗಳಲ್ಲಿ ಸ್ಥಳೀಯರೇ ನಡೆಸುವ ಮನೆವಸತಿಗೆ ಕಾನೂನಿನ ಸ್ಪಷ್ಟ ಚೌಕಟ್ಟು ಕೊಡಬಹುದು. ಬಜಾರಿನಿಂದ ಎಬ್ಬಿಸಲ್ಪಟ್ಟ ಕುಟುಂಬಗಳಿಗೆ ಇದರಲ್ಲಿ ಆದ್ಯತೆ ಸಿಕ್ಕರೆ ಅದು ಉಪಕಾರವಲ್ಲ, ಬಾಕಿ ಉಳಿದ ನ್ಯಾಯ. ಒಂಟಿ ಗುಡಿಗಳಿಗೆ ಕಾವಲುಗಾರರನ್ನು ನೇಮಿಸುವಾಗ ಸುತ್ತಲಿನ ಹಳ್ಳಿಗಳ ಯುವಕರನ್ನೇ ಆರಿಸಿದರೆ ಕಾವಲು ಕೆಲಸವೂ ಆಗುತ್ತದೆ, ಅಭಿಮಾನವೂ ಬೆಳೆಯುತ್ತದೆ.

ಕಾಯಲು ಸಮಯವಿಲ್ಲ ಎಂಬುದನ್ನು ಕಲ್ಲುಗಳೇ ಹೇಳುತ್ತಿವೆ. 2024ರ ಮೇ ತಿಂಗಳ ಮಳೆಗೆ ವಿರೂಪಾಕ್ಷ ಬಜಾರಿನ ಸಾಲುಮಂಟಪದ ಒಂದು ಭಾಗ ಕುಸಿದು ಬಿತ್ತು. ಐದು ಶತಮಾನ ನಿಂತದ್ದು ಇನ್ನೆಷ್ಟು ಕಾಲವಾದರೂ ನಿಲ್ಲುತ್ತದೆ ಎಂಬ ಉದಾಸೀನಕ್ಕೆ ಅದು ಉತ್ತರ. ಒಂದೇ ಅಂಗಳದ ಮೇಲೆ ಸಾವಿರಾರು ಹೆಜ್ಜೆಗಳ ಭಾರ ಹಾಕಿ, ಪಕ್ಕದ ಗುಡಿಯನ್ನು ಹಾವು, ಮುಳ್ಳುಗಿಡಗಳಿಗೆ ಬಿಡುವುದು ಎರಡಕ್ಕೂ ಹಾನಿ.

ಅಚ್ಯುತರಾಯ ದೇವಾಲಯದ ನೆರಳಿನಲ್ಲಿ ಅಂದು ಕುಳಿತಿದ್ದ ಇಬ್ಬರು ಪ್ರವಾಸಿಗರು ಯಾವ ಗುಟ್ಟನ್ನೂ ಬಲ್ಲವರಾಗಿರಲಿಲ್ಲ. ಅವರು ಮಾಡಿದ್ದಿಷ್ಟೇ: ಬೆಳಿಗ್ಗೆ ಬೇಗ ಎದ್ದಿದ್ದರು, ನಡೆದು ಬಂದಿದ್ದರು. ಅಷ್ಟು ಮಾಡುವ ಅನುಕೂಲ ಹಂಪಿಗೆ ಬರುವ ಪ್ರತಿಯೊಬ್ಬರಿಗೂ ಒದಗಿದ ದಿನ, ಜನಸಂದಣಿಯ ದೂರು ಅರ್ಧಕ್ಕರ್ಧ ತಾನಾಗಿಯೇ ಇಲ್ಲವಾದೀತು.